ಸೀಟಿ ಊದದ ರೆಫ್ರಿ ಒಳ್ಳೆಯವರೇ?

"ರೆಫ್ರಿ ಸರ್ ಛಲೋ ಆಡಿಸಿದ್ರು, ಜಾಸ್ತಿ ಸೀಟಿನೇ ಊದಲಿಲ್ಲ." ಕಳೆದ ವರ್ಷ ಜಿಲ್ಲಾ ಮಟ್ಟದ ಕಬಡ್ಡಿಯಲ್ಲಿ ಮಾನ್ವಿ ತಂಡವನ್ನು ಸೋಲಿಸಿದ ಮೇಲೆ ನಮ್ಮ ಹುಡುಗರೆಲ್ಲ ಹೇಳಿದ ಮಾತಿದು. ನಾನೂ ಹೇಳಿದ್ದೆ. ನಾನು ಆಟಗಾರನಲ್ಲ, ಗೆರೆಯಾಚೆ ಕುಳಿತು ನಮ್ಮ ತಂಡದ ಅಂಕ ಬರೆದುಕೊಳ್ಳುತ್ತಿದ್ದೆ.

ಮಾನ್ವಿಯ ರೇಡರ್ ಸಣಕಲು ಹುಡುಗ. ಬಂದ, ಮುಟ್ಟಿದ, ಹೋದ. ಮೊದಲ ಹತ್ತು ನಿಮಿಷ ನಮ್ಮವರ ಕೈಗೆ ಸಿಗಲೇ ಇಲ್ಲ. ಆಮೇಲೆ ನಮ್ಮವನೊಬ್ಬ ಅವನ ಬನಿಯನ್ ಹಿಡಿದು ಎಳೆದ. ಕಬಡ್ಡಿಯಲ್ಲಿ ಬಟ್ಟೆ ಹಿಡಿಯುವುದು, ಬಾಯಿ ಮುಚ್ಚುವುದು, ಕಾಲಿನಿಂದ ಕತ್ತರಿ ಹಾಕುವುದು ಎಲ್ಲವೂ ಫೌಲ್. ಆದರೆ ರೆಫ್ರಿ "ಆಡ್ರಿ, ಆಡ್ರಿ" ಎಂದರು. ಅಂಕ ನಮಗೆ ಬಂತು, ನಾನು ಬರೆದುಕೊಂಡೆ. ಅಲ್ಲಿಂದ ಮುಂದೆ ಎಲ್ಲರೂ ಬನಿಯನ್‌ಗೇ ಕೈ ಹಾಕಿದರು. ಕೊನೆಯ ರೇಡ್‌ಗೆ ಆ ಹುಡುಗ ಹರಿದ ಬನಿಯನ್‌ನಲ್ಲೇ ಬಂದಿದ್ದ.

"ಎರಡೂ ತಂಡಕ್ಕೂ ಬಿಟ್ಟಿದ್ದಾರಲ್ಲ, ಅನ್ಯಾಯ ಎಲ್ಲಿ?" ಎಂದು ಗೆಳೆಯರು ಕೇಳುತ್ತಾರೆ. ಬಿಟ್ಟಿದ್ದು ಸಮ, ನಿಜ. ಲಾಭ ಸಮ ಅಲ್ಲ. ನಿಯಮ ಸಡಿಲವಾದರೆ ಎಳೆಯುವವನಿಗೆ ಲಾಭ, ಓಡುವವನಿಗೆ ನಷ್ಟ. 1966ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಪೋರ್ಚುಗಲ್ ಆಟಗಾರರು ಪೆಲೆಯನ್ನು ಒದ್ದು ಬೀಳಿಸಿದರು. ಅದಕ್ಕಾಗಿ ಯಾರನ್ನೂ ಹೊರಗೆ ಕಳಿಸಲಿಲ್ಲ. ಬದಲಿ ಆಟಗಾರರಿಗೆ ಆಗ ಅವಕಾಶವಿಲ್ಲದ್ದರಿಂದ ಪೆಲೆ ಕುಂಟುತ್ತಲೇ ಆಡಿದರು. ಬ್ರೆಜಿಲ್ ಸೋತು ಮನೆಗೆ ಹೋಯಿತು. ಮುಂದಿನ ವಿಶ್ವಕಪ್‌ನಲ್ಲಿ, 1970ರಲ್ಲಿ, ಹಳದಿ ಮತ್ತು ಕೆಂಪು ಕಾರ್ಡ್ ಬಂದವು.

ಹಾಗಾದರೆ ಆಟದಲ್ಲಿ ದೊಡ್ಡ ಮನಸ್ಸಿಗೆ ಜಾಗವಿಲ್ಲವೇ? ಇದೆ. 1980ರ ಮುಂಬೈ ಟೆಸ್ಟ್‌ನಲ್ಲಿ ಅಂಪೈರ್ ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಔಟ್ ಕೊಟ್ಟಿದ್ದರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ಅನಿಸಿದ್ದರಿಂದ ನಮ್ಮ ಕರ್ನಾಟಕದ ಜಿ.ಆರ್. ವಿಶ್ವನಾಥ್, ಆಗಿನ ಭಾರತದ ನಾಯಕ, ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಬಿಟ್ಟುಕೊಟ್ಟಿದ್ದು ತಮ್ಮ ತಂಡದ ಪಾಲನ್ನು.

ಗಂಜ್‌ನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಅಬ್ಬಾಗೆ ಇದನ್ನೆಲ್ಲ ಹೇಳಿದೆ. ಅವರು ಉರ್ದುವಿನಲ್ಲಿ ಹೇಳಿದ್ದು ಇಷ್ಟೇ: "ಸಾಹುಕಾರರು ರೈತನ ಬಾಕಿ ಮಾಫ್ ಮಾಡಬಹುದು, ಅದು ಅವರ ದುಡ್ಡು. ನಾನು ಮಾಫ್ ಮಾಡಿದರೆ ಅದು ಕಳ್ಳತನ." ರೆಫ್ರಿಯೂ ಹಾಗೆಯೇ. ಅವರು ಬಿಟ್ಟುಕೊಟ್ಟ ಅಂಕ ಅವರದಲ್ಲ, ಆ ಸಣಕಲು ಹುಡುಗನದು.

ಮಾತುಮಾತಿಗೂ ಸೀಟಿ ಊದಿದರೆ ಆಟ ಸಾಯುತ್ತದೆ ಎನ್ನುವುದೂ ಸುಳ್ಳಲ್ಲ. ಅದಕ್ಕೇ ಫುಟ್‌ಬಾಲ್ ನಿಯಮದಲ್ಲಿ 'ಅಡ್ವಾಂಟೇಜ್' ಇದೆ: ಫೌಲ್ ಆದರೂ ರೆಫ್ರಿ ಆಟ ಮುಂದುವರಿಸಬಹುದು. ಆದರೆ ಅದರ ಲಾಭ ಪೆಟ್ಟು ತಿಂದ ತಂಡಕ್ಕೆ. ಕಬಡ್ಡಿಯಲ್ಲೂ ಮೊದಲು ಹಸಿರು ಕಾರ್ಡ್ ತೋರಿಸಿ ಎಚ್ಚರಿಸಬಹುದು. ಎಚ್ಚರಿಸುವುದು ಬೇರೆ, ಕಂಡೂ ಕಾಣದಂತೆ ಇರುವುದು ಬೇರೆ.

ಮುಂದಿನ ಪಂದ್ಯ ದೇವದುರ್ಗದ ವಿರುದ್ಧ. ರೆಫ್ರಿ ಬೇರೆಯವರು. ನಮ್ಮವರು ಅದೇ ಚಾಳಿಯಲ್ಲಿ ಬನಿಯನ್ ಹಿಡಿದರು. ಹಸಿರು ಕಾರ್ಡ್ ಬಂತು, ನಂತರ ಹಳದಿ, ಎರಡು ನಿಮಿಷ ಒಬ್ಬ ಹೊರಗೆ. ಸೋತೆವು. ಬಸ್ಸಿನಲ್ಲಿ ಎಲ್ಲರೂ "ಮೋಸ" ಎಂದರು. ನಾನು ಸುಮ್ಮನೆ ಕುಳಿತಿದ್ದೆ. ಮೋಸವಾಗಿದ್ದು ಹಿಂದಿನ ಪಂದ್ಯದಲ್ಲಿ, ಅದೂ ನಮ್ಮಿಂದ, ಎಂದು ಆಗಲೇ ಹೇಳಬೇಕಿತ್ತು.

ಈ ವರ್ಷದ ಅಭ್ಯಾಸ ಶುರುವಾಗುತ್ತಿದೆ. ದೈಹಿಕ ಶಿಕ್ಷಣದ ಸರ್ ಅವರಲ್ಲಿ ಒಂದು ವಿನಂತಿ: ನಮ್ಮ ನಮ್ಮಲ್ಲಿ ಆಡುವಾಗಲೂ ಬಟ್ಟೆ ಹಿಡಿದರೆ ಸೀಟಿ ಊದಿ. ಈಗ ನಮಗೆ ಸಿಟ್ಟು ಬಂದರೂ ಪರವಾಗಿಲ್ಲ.