ಸೋಸದೆ ನುಂಗುವ ಜಾಹೀರಾತು

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದೊಳಗೆ ಊಟ ಮುಗಿಸುವ ಶ್ರಾವಕರ ಮನೆಗಳಲ್ಲಿಯೇ ಇಂದು ಮಕ್ಕಳು ತುತ್ತಿಗೊಂದು ಜಾಹೀರಾತನ್ನು ನುಂಗುತ್ತಿದ್ದಾರೆ. ಹಟ ಮಾಡಿದ ಕೂಸಿನ ಕೈಗೆ ಮೊಬೈಲು ಕೊಡುವವರು ನಾವೇ.

ಟಿ.ವಿ.ಯ ಕಿರಿಕಿರಿಗಾದರೂ ಒಂದು ಮಿತಿಯುಂಟು. 1994ರ ಕೇಬಲ್ ಟೆಲಿವಿಷನ್ ನಿಯಮಗಳಂತೆ ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ತೋರಿಸಕೂಡದು. (ಪಾಲನೆ ಎಷ್ಟೆಂಬುದು ಬೇರೆ ಮಾತು.) ಮೊಬೈಲಿಗೆ ಆ ಗಡಿಯಾರವೂ ಇಲ್ಲ. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ, ನಿಜ. ಆದರೆ ಮಗು ಹಿಡಿದಿರುವುದು ತಂದೆಯ ಫೋನು. ಕಂಪನಿಯ ಲೆಕ್ಕದಲ್ಲಿ ನೋಡುತ್ತಿರುವವನು ತಂದೆಯೇ!

ವ್ಯಾಪಾರವೇ ಪಾಪವೆಂದು ವ್ಯಾಪಾರಿಯಾದ ನಾನು ಹೇಳಲಾರೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು, ಬಣ್ಣ ನೋಡಿಯೇ ದರ ಬರೆಯುತ್ತಾರೆ. ನಮ್ಮ ಜಿಲ್ಲೆಯ ಗಳಗನಾಥ ಗ್ರಾಮದ ಹೆಸರಿನಿಂದಲೇ ಪ್ರಸಿದ್ಧರಾದ ಕಾದಂಬರಿಕಾರ ವೆಂಕಟೇಶ ತಿರಕೊ ಕುಲಕರ್ಣಿಯವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅಲ್ಲಿ ಕೊಳ್ಳುವವನಿಗೆ ಬೇಡವೆನ್ನುವ ವಿವೇಕವಿತ್ತು. ಐದು ವರ್ಷದ ಮಗುವಿಗೆ ಅದೆಲ್ಲಿಂದ ಬರಬೇಕು? ಮಮತ್ವವೇ ಪರಿಗ್ರಹವೆಂದು ತಿಳಿಸಿದ ಉಮಾಸ್ವಾತಿ ಆಚಾರ್ಯರ ದೃಷ್ಟಿಯಲ್ಲಿ, ವಸ್ತು ಮನೆಗೆ ಬರುವ ಮೊದಲೇ ಆ ಮಗು ಪರಿಗ್ರಹಿಯಾಗಿದೆ.

ಬಸದಿಗಳ ಟ್ರಸ್ಟಿನವರಿಗೂ ಒಂದು ಮಾತು. ಪಾಠಶಾಲೆಯ ಪಾಠವನ್ನು ವಾಟ್ಸಾಪಿನಲ್ಲಿ ಕಳಿಸಿ, ಮಕ್ಕಳು ಮೊಬೈಲು ಬಿಡುತ್ತಿಲ್ಲವೆಂದು ಪ್ರವಚನದಲ್ಲಿ ಮರುಗುವುದು ಯಾವ ನ್ಯಾಯ? ಪಾಠವನ್ನು ಮುದ್ರಿಸಿ ಹಂಚಿರಿ. ದಶಲಕ್ಷಣ ಪರ್ವದ ಹತ್ತು ದಿನವಾದರೂ ಊಟದ ಹೊತ್ತಿನಲ್ಲಿ ಮೊಬೈಲಿನ ತ್ಯಾಗವನ್ನು ಮನೆಯ ಹಿರಿಯರು ನಿಯಮವಾಗಿ ಸ್ವೀಕರಿಸಲಿ. ಮಕ್ಕಳಿಗೆ ಉಪದೇಶ ಆಮೇಲೆ.