ಸಡಕು ಬಂದರೆ ಸಾಲದು, ಬಸ್ಸೂ ಬರಬೇಕು



ಮಳೆಗಾಲದಲ್ಲಿ ನಮ್ಮ ಶಾಲೆಯ ಹಾಜರಿ ಪುಸ್ತಕ ನೋಡಿದರೆ ಸಾಕು, ಹಾದಿ ಹೇಗಿದೆ ಎಂಬುದು ತಿಳಿಯುತ್ತದೆ. ಹಳ್ಳ ತುಂಬಿದ ದಿನ ಆಚೆ ದಂಡೆಯ ಮಕ್ಕಳೆಲ್ಲ ಗೈರುಹಾಜರು. ಬಂದವರೂ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಾರೆ. ಕಲ್ಹೇರ್, ನಾರಾಯಣಖೇಡ ಭಾಗದ ತಮಗೆ ಇದು ಹೊಸ ಮಾತಲ್ಲ. ಗರಸಿನ ಹಾದಿಗಳು ಡಾಂಬರು ಸಡಕಾಗಬೇಕೆಂಬ ಬೇಡಿಕೆ ನ್ಯಾಯವಾದದ್ದು. ಹೆರಿಗೆಗೆ ಹೋಗುವ ಹೆಣ್ಣುಮಗಳಿಗೂ, ತೊಗರಿ ಹತ್ತಿ ಮಾರಲು ಹೋಗುವ ರೈತನಿಗೂ, ಶಾಲೆಗೆ ನಡೆಯುವ ಮಗುವಿಗೂ ಸಡಕು ಬೇಕೇ ಬೇಕು.

ಆದರೆ ಸಡಕಿನ ಬೆನ್ನಿಗೆ ಇನ್ನೇನು ಬರುತ್ತದೆ ಎಂಬುದನ್ನೂ ನಾವು ವಿಚಾರ ಮಾಡಬೇಕಾಗಿದೆ.

ನಮ್ಮ ಸೀಮೆಯಲ್ಲಿ ದೊಡ್ಡ ರಸ್ತೆಗಳ ಕೆಲಸ ಭರದಿಂದ ನಡೆದಿದೆ. ಸಂಗಾರೆಡ್ಡಿಯಿಂದ ನಾಂದೇಡ ಕಡೆಗೆ ಹೋಗುವ 161ನೇ ರಾಷ್ಟ್ರೀಯ ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಅಗಲ ಮಾಡಲಾಯಿತು. ಅದರ ಕಂದಿ–ರಾಮಸಾನಪಲ್ಲಿ ನಡುವಿನ 40 ಕಿಲೋಮೀಟರ್ ಭಾಗ 2024ರ ಮಾರ್ಚ್ 5ರಂದು ಸಂಗಾರೆಡ್ಡಿಯಲ್ಲಿ ಉದ್ಘಾಟನೆಯಾಯಿತು. ಹೈದರಾಬಾದ್–ನಾಂದೇಡ ಪ್ರಯಾಣದಲ್ಲಿ ಸುಮಾರು 3 ಗಂಟೆ ಉಳಿಯುತ್ತದೆಂದು ಸರ್ಕಾರ ಹೇಳಿತು. ನಿಜಾಂಪೇಟೆಯಿಂದ ನಾರಾಯಣಖೇಡದ ಮೇಲೆ ಬೀದರಿಗೆ ಹೋಗುವ ರಸ್ತೆಯೂ ಈಗ ರಾಷ್ಟ್ರೀಯ ಹೆದ್ದಾರಿಯೇ. ಇದೆಲ್ಲ ಸಂತೋಷದ ಸಂಗತಿ. ಆದರೆ ನಾಂದೇಡಕ್ಕೆ ಹೋಗುವವರಿಗೆ 3 ಗಂಟೆ ಉಳಿದರೆ, ಹಳ್ಳಿಯಿಂದ ಕನ್ನಡ ಶಾಲೆಗೆ ನಡೆಯುವ ಮಗುವಿಗೆ ಎಷ್ಟು ಉಳಿಯಿತು?

ನಾನು ಕಂಡದ್ದನ್ನು ಹೇಳುತ್ತೇನೆ. ಗರಸಿನ ಹಾದಿ ಇರುವವರೆಗೆ ಪಟ್ಟಣದ ಖಾಸಗಿ ಇಂಗ್ಲಿಷ್ ಶಾಲೆಯ ವ್ಯಾನು ನಮ್ಮ ಊರಿನ ಅಗಸಿಗೆ ಬರುತ್ತಿರಲಿಲ್ಲ. ಡಾಂಬರು ಬಿದ್ದ ಮುಂದಿನ ಜೂನಿನಲ್ಲಿಯೇ ಬಂತು. ಸರ್ಕಾರಿ ಬಸ್ಸು ಮಾತ್ರ ಬರಲಿಲ್ಲ. ಫೀ ಕಟ್ಟುವ ಶಕ್ತಿಯಿದ್ದವರ ಮಕ್ಕಳು ವ್ಯಾನು ಹತ್ತಿದರು. ಉಳಿದ ಮಕ್ಕಳು ಅದೇ ಡಾಂಬರಿನ ಮೇಲೆ, ಲಾರಿಗಳ ಬದಿಯಲ್ಲಿ, ಮೊದಲಿನಂತೆಯೇ ನಡೆದು ಬಂದರು. ವ್ಯಾನು ಹತ್ತಿಸಿದ ಪಾಲಕರನ್ನು ನಾನು ದೂರುವುದಿಲ್ಲ. ಬಾಗಿಲಿಗೆ ಬಂದ ಸೌಕರ್ಯವನ್ನು ಯಾರು ಬೇಡವೆನ್ನುತ್ತಾರೆ? ಆದರೆ ನಮ್ಮ ಹಾಜರಿ ಪುಸ್ತಕದ ಪುಟ ಆ ವರ್ಷ ಗಿಡ್ಡವಾಯಿತು.

ಪುಟ ಗಿಡ್ಡವಾದರೆ ಆಗುವುದೇನು? 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕನನ್ನಾದರೂ ಕೊಡಬೇಕೆಂದು ಒಪ್ಪಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದಿತು. ಅದೇ ವರ್ಷ ನವೆಂಬರ್ 1ರಂದು ನಾರಾಯಣಖೇಡ ಹಾಗೂ ಜಹೀರಾಬಾದ್‌ನ ಬಹುಭಾಗ ಬೀದರ ಜಿಲ್ಲೆಯಿಂದಲೂ, ತಾಂಡೂರು ಗುಲಬರ್ಗಾ ಜಿಲ್ಲೆಯಿಂದಲೂ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ರಾಜ್ಯ ಬದಲಾದರೂ ಹಕ್ಕು ಉಳಿದಿದೆ. ಆದರೆ ಆ ಹಕ್ಕನ್ನು ಕೇಳಲು ತರಗತಿಯಲ್ಲಿ ಮಕ್ಕಳು ಇರಬೇಕು. ಮಕ್ಕಳಿಲ್ಲದ ಶಾಲೆಗೆ ಶಿಕ್ಷಕರನ್ನು ಕೊಡಿರೆಂದು ಯಾವ ಬಾಯಿಂದ ಕೇಳೋಣ?

ಹಾಗೆಂದು ಸಡಕು ಬೇಡವೆನ್ನುವುದು ಮೂರ್ಖತನ. ಕೆಸರನ್ನು ನಂಬಿ ಭಾಷೆ ಉಳಿಸಲು ಆಗುವುದಿಲ್ಲ. ಸಡಕು ಕೇಳುವಾಗಲೇ ಇನ್ನೂ ನಾಲ್ಕು ಮಾತು ಸೇರಿಸಿ ಕೇಳಬೇಕು.

ಮೊದಲನೆಯದು, ಕೆಲಸದ ಗುಣಮಟ್ಟ. ಎರೆ ನೆಲ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗಟ್ಟಿಯಾದ ಗರಸು, ಜಲ್ಲಿಗಳ ಪದರ ಹಾಕದೆ, ಬದಿಗೆ ಚರಂಡಿ ತೆಗೆಯದೆ, ಹಳ್ಳಕ್ಕೆ ಪೂಲು ಕಟ್ಟದೆ ಮೇಲೆ ಡಾಂಬರು ಸುರಿದರೆ ಎರಡು ಮಳೆಗೆ ಕಿತ್ತು ಹೋಗುತ್ತದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ 5 ವರ್ಷದ ನಿರ್ವಹಣೆ ಗುತ್ತಿಗೆದಾರನ ಹೊಣೆ. ಕೆಲಸದ ವಿವರಗಳ ಫಲಕ ರಸ್ತೆಯ ಬದಿಗೆ ಇರುತ್ತದೆ. ದಯವಿಟ್ಟು ನಿಂತು ಓದಿರಿ.

ಎರಡನೆಯದು, ಬಸ್ಸು. ತೆಲಂಗಾಣದಲ್ಲಿ 2023ರ ಡಿಸೆಂಬರ್ 9ರಿಂದ ಹೆಣ್ಣುಮಕ್ಕಳಿಗೆ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟು ಇಲ್ಲ. ಆದರೆ ಊರಿಗೆ ಬಸ್ಸೇ ಇಲ್ಲದಿದ್ದರೆ ಬಿಟ್ಟಿ ಟಿಕೆಟಿನಿಂದ ಏನು ಪ್ರಯೋಜನ? ಶಾಲೆಯ ಗಂಟೆಗೆ ಹೊಂದುವ ಒಂದು ಬಸ್ಸು ಬೆಳಿಗ್ಗೆ, ಒಂದು ಸಂಜೆ ಬೇಕೆಂದು ನಾರಾಯಣಖೇಡ, ಜಹೀರಾಬಾದ್ ಡಿಪೋಗಳಿಗೆ ಸಹಿ ಮಾಡಿ ಬರೆಯಿರಿ. ಹತ್ತನೆಯ ತರಗತಿಯ ನಂತರ ಕನ್ನಡದಲ್ಲಿ ಮುಂದೆ ಓದಲು ನಮಗೆ ಹತ್ತಿರವಾದದ್ದು ಬೀದರ. ಆ ದಾರಿಯಲ್ಲಿ ನಮ್ಮ ಹುಡುಗಿಗೆ ತೆಲಂಗಾಣದ ಸೌಲಭ್ಯ ಗಡಿಯವರೆಗೆ ಮಾತ್ರ. ಕರ್ನಾಟಕದ ಶಕ್ತಿ ಯೋಜನೆ ಆ ರಾಜ್ಯದ ನಿವಾಸಿಗಳಿಗೆ ಮೀಸಲು. ಓದಲು ಗಡಿ ದಾಟುವ ಹುಡುಗಿಗೆ ವಿನಾಯಿತಿ ಕೊಡಿರೆಂದು ಎರಡೂ ಸರ್ಕಾರಗಳನ್ನು ಕೇಳಬೇಕು.

ಮೂರನೆಯದು, ಅಂತರ. ಹತ್ತಿರದಲ್ಲಿ ಶಾಲೆ ಇಲ್ಲದ ಮಕ್ಕಳಿಗೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸಾರಿಗೆ ಭತ್ಯೆಗೆ ಅವಕಾಶವಿದೆ. ಹತ್ತಿರದ ತೆಲುಗು ಶಾಲೆಯನ್ನು ಲೆಕ್ಕಕ್ಕೆ ಹಿಡಿದರೆ ನಮ್ಮ ಮಗುವಿಗೆ ಅದು ದಕ್ಕುವುದಿಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಕನ್ನಡ ಶಾಲೆಯವರೆಗೇ ಅಂತರ ಅಳೆಯಬೇಕೆಂಬುದು ನಮ್ಮ ವಾದ.

ನಾಲ್ಕನೆಯದು, ಜೀವ. ಅಗಲವಾದ ಸಡಕಿನಲ್ಲಿ ಗಾಡಿಗಳ ವೇಗ ಹೆಚ್ಚು. ಶಾಲೆಯ ಮುಂದೆ ಸೂಚನಾ ಫಲಕ, ವೇಗ ತಗ್ಗಿಸುವ ವ್ಯವಸ್ಥೆ, ಹೆದ್ದಾರಿ ದಾಟಲು ಕೆಳಹಾದಿ ಇವುಗಳನ್ನು ಅಪಘಾತ ಆದ ಮೇಲಲ್ಲ, ಕೆಲಸ ನಡೆಯುವಾಗಲೇ ಕೇಳಬೇಕು.

ಪಾಲಕರೇ, ಒಂದು ಮಾತು ತಮಗೂ ಇದೆ. ಶಾಲೆಯಲ್ಲಿ ಕಲಿಕೆ ಚೆನ್ನಾಗಿಲ್ಲವೆಂದು ಕಂಡರೆ ಬಂದು ನಮ್ಮನ್ನು ಕೇಳಿರಿ, ಜಗಳವನ್ನೇ ಮಾಡಿರಿ. ಇಂಗ್ಲಿಷನ್ನೂ ತೆಲುಗನ್ನೂ ಚೆನ್ನಾಗಿ ಕಲಿಸಿರೆಂದು ಒತ್ತಾಯಿಸಿರಿ. ಅದು ತಮ್ಮ ಹಕ್ಕು, ನಮ್ಮ ಕರ್ತವ್ಯ. ಆದರೆ ಮಾತಾಡದೆ ಮಗುವಿನ ವರ್ಗಾವಣೆ ಪತ್ರ ಒಯ್ಯಬೇಡಿರಿ. ಒಂದು ತರಗತಿಯಲ್ಲಿ ಹತ್ತು ಮಕ್ಕಳಿರುವಲ್ಲಿ ಒಂದು ಮಗು ಹೋದರೆ ಉಳಿದ ಒಂಬತ್ತು ಮಕ್ಕಳ ಹಕ್ಕೂ ಅಲುಗಾಡುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಸಡಕಿನ ಅರ್ಜಿಯ ಕೆಳಗೆ ಬಸ್ಸಿನ ಅರ್ಜಿಯನ್ನೂ ಇಡಿರಿ. ತಾಯಂದಿರೂ ಬಂದು ಸಹಿ ಮಾಡಲಿ.