ಪ್ರಶ್ನೆ ಕೇಳಲು ಬೇಕಾದ ಭಾಷೆ



ಗಡಿನಾಡಿನ ಕನ್ನಡ ಶಾಲೆಗಳ ವಿಚಾರ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಗಡಿಯ ನಕ್ಷೆಯಲ್ಲ, ಗಣಿತದ ತರಗತಿ. ಕನ್ನಡದಲ್ಲಿ ಓದಿದ ಮಗು 'ಲ.ಸಾ.ಅ.' ಎಂದು ಕಲಿತಿರುತ್ತದೆ. ಮಲಯಾಳದಲ್ಲಿ ಓದಿ ಬಂದ ಅಧ್ಯಾಪಕರು ಅದನ್ನೇ 'ಲ.ಸಾ.ಗು.' ಎನ್ನುತ್ತಾರೆ. ಮಗುವಿನ 'ಮ.ಸಾ.ಅ.' ಅವರಿಗೆ 'ಉ.ಸಾ.ಘ.'. ಲೆಕ್ಕವೂ ಒಂದೇ, ಉತ್ತರವೂ ಒಂದೇ. ಆದರೆ ಉತ್ತರಕ್ಕೆ ಹೋಗುವ ದಾರಿಯನ್ನು ವಿವರಿಸುವ ಮಾತು ಮಗುವಿಗೆ ತಲುಪುವುದಿಲ್ಲ. ಅದು ಕರಿಹಲಗೆಯ ಮೇಲಿನ ಅಂಕಿಗಳನ್ನು ಸುಮ್ಮನೆ ನಕಲು ಮಾಡಿಕೊಳ್ಳುತ್ತದೆ. ಕೈ ಎತ್ತುವುದಿಲ್ಲ. ಕೈ ಎತ್ತಿದರೆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಬೇಕು; ಎದುರಿಗಿರುವವರಿಗೆ ಕನ್ನಡ ಬಾರದು.

ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದಾಗಲೆಲ್ಲ ಪೋಷಕರು ಶಾಲೆಯ ಎದುರು ಕುಳಿತು ಪ್ರತಿಭಟಿಸಿದ್ದಾರೆ, ಅರ್ಜಿ ಕೊಟ್ಟಿದ್ದಾರೆ, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಹೊರಗಿನಿಂದ ನೋಡುವವರಿಗೆ ಇದು ಭಾಷಾಭಿಮಾನದ ಗಲಾಟೆಯಂತೆ ಕಾಣುತ್ತದೆ. 'ಅಧ್ಯಾಪಕರು ಯಾವ ಭಾಷೆಯವರಾದರೇನು, ಕಲಿಸಿದರೆ ಸಾಕಲ್ಲವೇ?' ಎಂದು ಕೇಳುವ ಸಜ್ಜನರೂ ಇದ್ದಾರೆ. ಅವರಿಗೆ ಉತ್ತರಿಸುವುದಕ್ಕಾಗಿಯೇ ಈ ಬರಹ. ನಾವು ಕೇಳುತ್ತಿರುವುದು ಅಭಿಮಾನದ ಮನ್ನಣೆಯನ್ನಲ್ಲ. ಮನೆ, ಭೂಮಿ, ಕೂಲಿ, ಮತ ಇವುಗಳ ಸಾಲಿನಲ್ಲಿ ನಿಲ್ಲುವ ಸಾಮಾಜಿಕ ನ್ಯಾಯವೊಂದನ್ನು ಕೇಳುತ್ತಿದ್ದೇವೆ. ಅದಕ್ಕೂ ಮಿಗಿಲಾಗಿ ಇದು ವಾಕ್ ಸ್ವಾತಂತ್ರ್ಯದ ಪ್ರಶ್ನೆ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. 1956ರ ನವೆಂಬರ್ 1ರಂದು ಭಾಷೆಯ ಆಧಾರದಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ, ಗೆರೆಯನ್ನು ಎಲ್ಲಿ ಎಳೆದರೂ ಎರಡು ಬದಿಯಲ್ಲೂ ಕೆಲವರು ಉಳಿದುಹೋಗುತ್ತಾರೆಂಬುದು ಗೆರೆ ಎಳೆದವರಿಗೆ ತಿಳಿದಿತ್ತು. ಆದುದರಿಂದಲೇ ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂದು ಮೊದಲನೆಯದು ಹೇಳುತ್ತದೆ. ಅಗತ್ಯವೆನಿಸಿದರೆ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ನೀಡಬಹುದು ಎಂದೂ ಅಲ್ಲಿದೆ. ಎರಡನೆಯದರಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ 1957ರಲ್ಲಿ ಆರಂಭವಾಯಿತು. ಇದಕ್ಕೂ ಮೊದಲೇ, 1949ರಲ್ಲಿ, ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಸರಳ ಲೆಕ್ಕವನ್ನು ಒಪ್ಪಿಕೊಂಡಿದ್ದರು: ಒಂದು ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸುವ ಒಬ್ಬ ಅಧ್ಯಾಪಕರನ್ನಾದರೂ ಕೊಡಬೇಕು.

ಆ ನಿಯಮ ಕೊಡಬೇಕೆಂದದ್ದು ಅಧ್ಯಾಪಕರನ್ನು. 'ಕನ್ನಡ ಮಾಧ್ಯಮ' ಎಂಬ ಫಲಕ, ಕನ್ನಡ ಪಠ್ಯಪುಸ್ತಕ, ಹಾಜರಿ ಪಟ್ಟಿಯಲ್ಲಿ ಕನ್ನಡ ವಿಭಾಗ, ಇವೆಲ್ಲ ಇದ್ದೂ ಪಾಠ ಹೇಳುವವರಿಗೆ ಭಾಷೆ ಬಾರದಿದ್ದರೆ ಸಂವಿಧಾನದ ಮಾತು ಕಾಗದದಲ್ಲಿ ಪಾಲನೆಯಾಗಿ ತರಗತಿಯಲ್ಲಿ ಭಂಗವಾಗಿರುತ್ತದೆ.

ಇನ್ನು ವಾಕ್ ಸ್ವಾತಂತ್ರ್ಯದ ಮಾತಿಗೆ ಬರುತ್ತೇನೆ. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕರ್ನಾಟಕದ ಭಾಷಾ ಮಾಧ್ಯಮ ಪ್ರಕರಣದಲ್ಲಿ ತೀರ್ಪು ನೀಡಿತು. ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿ ಕಡ್ಡಾಯ ಮಾಡುವ ಅಧಿಕಾರ ಸರಕಾರಕ್ಕಿಲ್ಲ ಎಂಬುದು ಅದರ ಸಾರ. ಕರ್ನಾಟಕದಲ್ಲಿ ಅದನ್ನು ಕನ್ನಡದ ಸೋಲೆಂದು ಶೋಕಿಸಲಾಯಿತು. ಆ ಶೋಕಕ್ಕೆ ಕಾರಣಗಳಿದ್ದವು, ಅದನ್ನು ಹಗುರಾಗಿ ಕಾಣುವವನು ನಾನಲ್ಲ. ಆದರೆ ಗೆರೆಯ ಈಚೆ ನಿಂತು ಅದೇ ತೀರ್ಪನ್ನು ಓದಿದಾಗ ಬೇರೊಂದು ಅರ್ಥ ಕಾಣುತ್ತದೆ. ಶಿಕ್ಷಣದ ಮಾಧ್ಯಮವನ್ನು ಆಯ್ದುಕೊಳ್ಳುವ ಹಕ್ಕು 19(1)(ಎ) ವಿಧಿಯ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ಒಳಗೇ ಇದೆ ಎಂದು ನ್ಯಾಯಾಲಯ ಹೇಳಿತು. ಮಗುವಿನ ಮಾತೃಭಾಷೆ ಯಾವುದು ಎಂಬುದನ್ನು ಹೇಳಬೇಕಾದವರು ತಂದೆತಾಯಿಗಳೇ ಎಂದೂ, ಮಗುವಿಗೆ ಯಾವ ಭಾಷೆ ಹೆಚ್ಚು ಸಲೀಸೋ ಅದೇ ಅದರ ಮಾತೃಭಾಷೆ ಎಂದೂ ಹೇಳಿತು.

ಈ ಕೊನೆಯ ಮಾತಿನ ಬೆಲೆ ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಮನೆಯೊಳಗೆ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಹೀಗೆ ಹಲವು ನುಡಿಗಳಿವೆ. ಶಾಲೆಯ ಮಾತು ಬಂದಾಗ ಇವರಲ್ಲಿ ಬಹಳಷ್ಟು ಮಂದಿ ತಲೆಮಾರುಗಳಿಂದ ಕನ್ನಡವನ್ನೇ ತಮ್ಮದೆಂದುಕೊಂಡು ಬಂದವರು. 'ನಿಮ್ಮ ಮನೆಮಾತು ತುಳುವಲ್ಲವೇ, ಕನ್ನಡ ಶಾಲೆ ಯಾಕೆ?' ಎಂಬ ಪ್ರಶ್ನೆಯನ್ನು ಎದುರಿಸದ ಪೋಷಕರು ಕಡಿಮೆ. ಯಾವ ಭಾಷೆಯಲ್ಲಿ ತನ್ನ ಮಗು ಸರಾಗವಾಗಿ ಓದಿ ಬರೆದು ಯೋಚಿಸುತ್ತದೆ ಎಂದು ಹೇಳುವ ಅಧಿಕಾರ ಪೋಷಕರದ್ದು, ಗುಮಾಸ್ತರದ್ದಲ್ಲ ಎಂಬ ಉತ್ತರ ಈ ತೀರ್ಪಿನಲ್ಲಿದೆ.

ಆದರೆ ತೀರ್ಪಿನ ಮಿತಿಯನ್ನೂ ಮರೆಯುವಂತಿಲ್ಲ. ಆಯ್ಕೆಯ ಸ್ವಾತಂತ್ರ್ಯ ದುಡ್ಡಿದ್ದವರಿಗೆ ಬೇಗ ಒದಗುತ್ತದೆ. ಖಾಸಗಿ ಶಾಲೆಗೆ ಶುಲ್ಕ ಕಟ್ಟಬಲ್ಲವರು ತಮಗೆ ಬೇಕಾದ ಮಾಧ್ಯಮವನ್ನು ಕೊಂಡುಕೊಳ್ಳುತ್ತಾರೆ. ಬೀಡಿ ಕಟ್ಟುವ, ಅಡಕೆ ಸುಲಿಯುವ, ಕೂಲಿಗೆ ಹೋಗುವ ತಾಯಿಯ ಮಗುವಿಗೆ ಊರಿನ ಸರಕಾರಿ ಅಥವಾ ಅನುದಾನಿತ ಶಾಲೆ ಬಿಟ್ಟು ಬೇರೆ ದಾರಿಯಿಲ್ಲ. ಆ ಶಾಲೆಯಲ್ಲಿ ಕನ್ನಡ ಬಲ್ಲ ಅಧ್ಯಾಪಕರಿಲ್ಲವೆಂದರೆ ಆಕೆಗೆ ಆಯ್ಕೆಯೇ ಇಲ್ಲ. ಸಾಮಾಜಿಕ ನ್ಯಾಯದ ಮಾತು ಬರುವುದು ಇಲ್ಲಿಯೇ.

ಇದೇ ಮಗು ಮುಂದೆ ದೊಡ್ಡದಾಗಿ ಮನೆಗೆ ಅರ್ಜಿ ಹಾಕಬೇಕಾಗುತ್ತದೆ. ಪಡಿತರ ಚೀಟಿಯ ತಿದ್ದುಪಡಿ, ಜಾಗದ ತೆರಿಗೆ, ಆಸ್ಪತ್ರೆಯ ಚೀಟಿ, ಪೊಲೀಸ್ ಠಾಣೆಯ ದೂರು, ಎಲ್ಲವೂ ಒಂದು ಭಾಷೆಯಲ್ಲಿರುತ್ತವೆ. ಜನಸಂಖ್ಯೆಯ ಶೇಕಡಾ 15ರಷ್ಟಾದರೂ ಅಲ್ಪಸಂಖ್ಯಾತ ಭಾಷೆಯವರಿರುವ ಪ್ರದೇಶದಲ್ಲಿ ಮುಖ್ಯ ಸರಕಾರಿ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಹೊರಡಿಸಬೇಕೆಂಬ ಸೂತ್ರವನ್ನು ರಾಜ್ಯಗಳು ಹಿಂದೆಯೇ ಒಪ್ಪಿವೆ. ಮನೆಯಿಲ್ಲದವರ ಪಟ್ಟಿಗೆ ಹೆಸರು ಸೇರಿಸಲು ಕೊನೆಯ ದಿನ ಯಾವುದೆಂಬ ಸೂಚನೆ ಓದಲು ಬಾರದ ಲಿಪಿಯಲ್ಲಿದ್ದರೆ, ಮನೆಯ ಹಕ್ಕನ್ನು ಯಾರೂ ಬಾಯಿಬಿಟ್ಟು ನಿರಾಕರಿಸಬೇಕಾಗಿಲ್ಲ. ಆ ದಿನ ತಾನಾಗಿ ಕಳೆದುಹೋಗುತ್ತದೆ. ಕೇಳಲು ಬಾರದವನಿಗೆ ಸಿಗಬೇಕಾದದ್ದು ಸಿಗುವುದಿಲ್ಲ. ಕೇಳಲು ಕಲಿಯುವುದು ಶಾಲೆಯಲ್ಲಿ.

ಇದು ಕಾಸರಗೋಡಿನ ಕಥೆಯೊಂದೇ ಅಲ್ಲ. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿತು. ಹೊಸೂರು, ತಾಳವಾಡಿಯ ಕನ್ನಡ ಮಕ್ಕಳೂ ಅಲ್ಲಿನ ತೆಲುಗು, ಉರ್ದು, ಮಲಯಾಳ ಮಕ್ಕಳೂ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ವಿನಾಯಿತಿಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕೇರಳ 2017ರಲ್ಲಿ ಮಲಯಾಳಕ್ಕೆ, ತೆಲಂಗಾಣ 2018ರಲ್ಲಿ ತೆಲುಗಿಗೆ, ಮಹಾರಾಷ್ಟ್ರ 2020ರಲ್ಲಿ ಮರಾಠಿಗೆ ಇಂತಹವೇ ಕಾನೂನುಗಳನ್ನು ತಂದವು. ಆಂಧ್ರದಲ್ಲಿ 2019ರಲ್ಲಿ ಸರಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ಹೊರಟಿತು. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಆ ಆದೇಶ ಉಳಿದಿದ್ದರೆ ತೆಲುಗಿನ ಜೊತೆಗೆ ಆದೋನಿ, ರಾಯದುರ್ಗ, ಮಡಕಶಿರಾದ ಕನ್ನಡ ತರಗತಿಗಳ ಗತಿಯೇನಾಗುತ್ತಿತ್ತು ಎಂದು ಯೋಚಿಸಿ.

ಈ ಪಟ್ಟಿಯಲ್ಲಿ ಒಂದು ಹೆಸರನ್ನು ಬಿಟ್ಟಿದ್ದೇನೆ. ಕರ್ನಾಟಕವೂ 2015ರಲ್ಲಿ ಕನ್ನಡ ಭಾಷಾ ಕಲಿಕೆ ಅಧಿನಿಯಮವನ್ನು ಮಾಡಿದೆ. ಆದುದರಿಂದ, ಓದುಗರೇ, ನಿಮ್ಮಲ್ಲಿ ಕರ್ನಾಟಕದ ಒಳಗಿರುವವರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಪರವಾಗಿ ನೀವು ದನಿಯೆತ್ತುವಾಗ ನಮಗೆ ಸಂತೋಷವಾಗುತ್ತದೆ. ಆದರೆ ಬೆಳಗಾವಿಯ ಮರಾಠಿ ಶಾಲೆಗೂ ಕಲಬುರಗಿಯ ಉರ್ದು ಶಾಲೆಗೂ ಕೋಲಾರದ ತೆಲುಗು ಮಗುವಿಗೂ ನೀವು ಬಯಸುವುದೇನು? ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿದೆ. ಅಂದರೆ ಬೆಂಗಳೂರಿನಲ್ಲಿ ಬಹುಸಂಖ್ಯಾತರಾದ ಕನ್ನಡಿಗರೇ ಚಂದ್ರಗಿರಿ ಹೊಳೆಯ ದಂಡೆಯಲ್ಲಿ ಅಲ್ಪಸಂಖ್ಯಾತರು. ಅಲ್ಲಿ ಮರಾಠಿ ಫಲಕಕ್ಕೆ ಮಸಿ ಬಳಿದ ಸುದ್ದಿ ಅಕ್ಕಲಕೋಟೆ ಮತ್ತು ಜತ್ತದ ಕನ್ನಡ ಶಾಲೆಗಳ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದರ ಬೆಲೆ ತೆರುವವರು ಮಸಿ ಬಳಿದವರಲ್ಲ. ನಮಗೆ ಕೊಡಿಸಬೇಕೆಂದು ನೀವು ಕೇಳುವುದನ್ನು ನಿಮ್ಮ ನೆರೆಯವರಿಗೆ ನೀವೇ ಕೊಟ್ಟಿದ್ದರೆ ನಮ್ಮ ವಾದಕ್ಕೆ ಬಲ ಬರುತ್ತದೆ.

ನಾವಿರುವ ರಾಜ್ಯಗಳ ಸಹೃದಯರಿಗೂ ಒಂದು ಸ್ಪಷ್ಟನೆ ಕೊಡಬೇಕು. ನಮ್ಮ ಮಕ್ಕಳು ಮಲಯಾಳ, ತಮಿಳು, ಮರಾಠಿ, ತೆಲುಗು ಕಲಿಯಬಾರದೆಂದು ನಾವು ಹೇಳುತ್ತಿಲ್ಲ. ಕಲಿಯಲೇಬೇಕು, ಅನ್ನ, ನೆರೆಹೊರೆ, ಸಂತೆ, ಕಚೇರಿ ಎಲ್ಲ ಅಲ್ಲಿದೆ. ಜತ್ತದ ಹುಡುಗಿಗೆ ಚೆನ್ನಾಗಿ ಮರಾಠಿ ಬಂದರೆ ಸಾಂಗ್ಲಿಯ ಕಾಲೇಜಿನಲ್ಲಿ ಆಕೆ ಹಿಂದೆ ಬೀಳುವುದಿಲ್ಲ. ಆದರೆ ರಾಜ್ಯಭಾಷೆಯನ್ನು ಒಂದು ಭಾಷೆಯಾಗಿ, ಅದನ್ನು ಹೊಸದಾಗಿ ಕಲಿಯುವ ಮಗುವಿಗೆ ತಕ್ಕ ಪುಸ್ತಕ ಮತ್ತು ಕ್ರಮದಲ್ಲಿ ಕಲಿಸುವುದು ಒಂದು ವಿಷಯ. ಗಣಿತ ಮತ್ತು ವಿಜ್ಞಾನವನ್ನು ಮಗುವಿಗೆ ತಿಳಿಯದ ಭಾಷೆಯಲ್ಲಿ ಹೇಳುವುದು ಬೇರೆಯೇ ವಿಷಯ. ಮೊದಲನೆಯದರಿಂದ ಮಗುವಿಗೆ ಇನ್ನೊಂದು ಭಾಷೆ ಸಿಗುತ್ತದೆ. ಎರಡನೆಯದರಿಂದ ಗಣಿತವೂ ಹೋಗುತ್ತದೆ, ಭಾಷೆಯೂ ಬರುವುದಿಲ್ಲ. ಹಾಗೆಯೇ, ಬಂದ ಅಧ್ಯಾಪಕರ ಮೇಲೆ ಸಿಟ್ಟು ತೀರಿಸಿಕೊಳ್ಳುವುದೂ ನ್ಯಾಯವಲ್ಲ. ಅವರೂ ಪರೀಕ್ಷೆ ಬರೆದು ವರ್ಷಗಟ್ಟಲೆ ಕಾದು ಕೆಲಸ ಪಡೆದವರು. ತಪ್ಪಿರುವುದು ನೇಮಕದ ಕ್ರಮದಲ್ಲಿ. ಕನ್ನಡದಲ್ಲಿ ಪಾಠ ಹೇಳಬಲ್ಲರೇ ಎಂಬುದನ್ನು ಪ್ರಮಾಣಪತ್ರ ನೋಡಿ ತೀರ್ಮಾನಿಸದೆ, ತರಗತಿಯ ಎದುರು ನಿಲ್ಲಿಸಿ ಹತ್ತು ನಿಮಿಷ ಪಾಠ ಹೇಳಿಸಿ ನೋಡಿದರೆ ಅರ್ಧ ವಿವಾದ ಅಲ್ಲಿಗೇ ಮುಗಿಯುತ್ತದೆ.

ಕೊನೆಯದಾಗಿ ನಮ್ಮವರಿಗೇ ಹೇಳಬೇಕಾದ ಕಹಿ ಮಾತು. ಕನ್ನಡ ಶಾಲೆಗಾಗಿ ಸಭೆಯಲ್ಲಿ ಮಾತಾಡುವ ನಮ್ಮಲ್ಲಿ ಎಷ್ಟು ಮಂದಿಯ ಮಕ್ಕಳು ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿದ್ದಾರೆ? ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುವುದು ಪಾಪವಲ್ಲ, ಅದೂ ಅವರವರ ಆಯ್ಕೆಯೇ. ಆದರೆ ತರಗತಿಯಲ್ಲಿ 10 ಮಕ್ಕಳೆಂಬ ಲೆಕ್ಕ ಒಂಬತ್ತಕ್ಕೆ ಇಳಿದಾಗ, ಆ ಒಂಬತ್ತು ಮಕ್ಕಳು ಬಡವರ ಮನೆಯವರೇ ಆಗಿರುತ್ತಾರೆ. ಅವರ ಪರವಾಗಿ ಅರ್ಜಿ ಬರೆಯುವ ಶಕ್ತಿಯುಳ್ಳವರು ಆಗಲೇ ಶಾಲೆ ಬಿಟ್ಟು ಹೋಗಿರುತ್ತಾರೆ. ಮಗುವನ್ನು ಕಳುಹಿಸಲಾಗದಿದ್ದರೂ ನಮ್ಮ ಓದು ಬರಹವನ್ನಾದರೂ ಆ ಶಾಲೆಗೆ ಕೊಡಬಹುದಲ್ಲವೇ?

ಮಾಡಬಹುದಾದ ಕೆಲಸಗಳು ಇವೆ. ಶಾಲಾ ವರ್ಷ ಆರಂಭವಾಗುವ ಮೊದಲೇ ಮಗುವಿನ ಮಾಧ್ಯಮದ ಆಯ್ಕೆಯನ್ನು ಬರಹದಲ್ಲಿ ದಾಖಲಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಮುಂಗಡ ನೋಂದಣಿ ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೆಗಳಲ್ಲೊಂದು. ನಿಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದ ಹುದ್ದೆಗಳೆಷ್ಟು, ಖಾಲಿ ಎಷ್ಟು, ಪುಸ್ತಕ ಬಂದ ದಿನಾಂಕ ಯಾವುದು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕು. ಕಲಿಕೆಯ ಮಾಧ್ಯಮ ಸಾಧ್ಯವಿದ್ದಷ್ಟೂ ಮಗುವಿನ ಮಾತೃಭಾಷೆಯಾಗಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವೂ ಹೇಳುತ್ತದೆ. ಶಾಲೆಯ ಸಭೆಗಳಲ್ಲಿ ಅದನ್ನು ಎತ್ತಿ ಹೇಳಿ, ನಡಾವಳಿಯಲ್ಲಿ ಬರೆಸಿ. ದೂರನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಿ. ಪಕ್ಕದ ತಮಿಳು ಅಥವಾ ಉರ್ದು ಮಾಧ್ಯಮದ ಪೋಷಕರನ್ನೂ ಜೊತೆಗೆ ಕರೆಯಿರಿ. ಅವರ ಕಷ್ಟ ನಮ್ಮದಕ್ಕಿಂತ ಬೇರೆಯಲ್ಲ.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಗಡಿಯ ಯಾವುದೋ ಒಂದು ತರಗತಿಯಲ್ಲಿ ಒಂದು ಮಗುವಿಗೆ ಲ.ಸಾ.ಅ. ಅರ್ಥವಾಗದೆ ಹೋಗಬಹುದು. ಆಗ ಅದು ಕೈ ಎತ್ತಿ, ತನ್ನ ಮಾತಿನಲ್ಲಿ, ಹೆದರದೆ, 'ಟೀಚರ್, ಗೊತ್ತಾಗ್ಲಿಲ್ಲ, ಇನ್ನೊಮ್ಮೆ ಹೇಳಿ' ಎನ್ನುವಂತಿರಬೇಕು. ಆ ಮಾತು ಟೀಚರಿಗೆ ತಿಳಿಯಬೇಕು. ನಾವು ಕೇಳುತ್ತಿರುವುದು ಇಷ್ಟನ್ನೇ.